ಕೈಯಿಲ್ಲದ ನಾಲ್ಕು ಕುರ್ಚಿ

ಎಂಬತ್ತು ಕುರ್ಚಿ ಬೇಕು ಅಂದರು
ಹಲ್ಲಿನ ಡಾಕ್ಟರು ಎಬೆನೆಜರ್ ಸಾಲಿನ್ಸ್.
ಆಯ್ತು, ಅಂದೆ.
ಅದರಲ್ಲಿ ನಾಲ್ಕಕ್ಕೆ ಕೈ ಇರಬಾರದು.

ಜೆಪ್ಪು ಮಾರ್ಕೆಟಿನ ಎದುರು ಇಪ್ಪತ್ತೆರಡು ವರ್ಷದಿಂದ
ಮದುವೆಗೆ, ರೋಸಿಗೆ, ಬೊಜ್ಜಕ್ಕೆ, ಬಯಲಾಟಕ್ಕೆ
ಕುರ್ಚಿ ಕೊಟ್ಟವನು ನಾನು.
ಕಾಲು ಮುರಿದು ವಾಪಸು ಬಂದದ್ದುಂಟು,
ಬೆನ್ನಿನಲ್ಲಿ ಮಕ್ಕಳು ಹೆಸರು ಕೆತ್ತಿದ್ದುಂಟು.
ಕೈ ಬೇಡ ಅಂದವರು ಇವರೇ ಮೊದಲು.

"ಕಮಾನು ಎಳೆಯುವಾಗ ಮೊಣಕೈಗೆ ತಾಗುತ್ತದೆ ಮಾರಾಯ"
ಡಾಕ್ಟರು ಗಾಳಿಯಲ್ಲಿ ಎಳೆದು ತೋರಿಸಿದರು.
ನನಗೆ ಹಲ್ಲು ಕಿತ್ತ ಹಾಗೆ ಕಂಡಿತು.

ಗೋದಾಮಿನಲ್ಲಿ ಇದ್ದದ್ದೆಲ್ಲ ಪ್ಲಾಸ್ಟಿಕ್,
ಎಲ್ಲಕ್ಕೂ ಎರಡೆರಡು ಕೈ.
ಒಮ್ಮೆ ಗರಗಸ ಹಿಡಿದೂ ನಿಂತೆ.
ಆಮೇಲೆ ನೆನಪಾಯಿತು ಮನೆಯ ಊಟದ ಮೇಜು.
ಹಲಸಿನ ಮರದ್ದು, ನಾಲ್ಕು.
"ಇವತ್ತು ನೆಲದಲ್ಲಿ ಉಣ್ಣುವ" ಅಂದೆ.
"ಬರುವುದು ಯಾರು, ಮಂತ್ರಿಯಾ?" ಅಂದಳು ಹೆಂಡತಿ.

ಬಲ್ಮಠದ ಗುಡ್ಡೆಯಲ್ಲಿ ಶಾಲೆಯ ಹಳೇ ಹಾಲು, ಹಂಚಿನ ಮಾಡು,
ಅಕ್ಟೋಬರಿನ ಸೆಖೆ.
ಫ್ಯಾನು ಬಂದ್ ಮಾಡಿಸಿದರು, ಕಾಗದ ಹಾರುತ್ತದೆಂದು;
ಆದರೂ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದರು ಹಾಳೆಗಳಿಗೆ.
ಲವೀನಾ ತಾವ್ರೊ ಆಟೋದಲ್ಲಿ ತಂದಳು ಆಳೆತ್ತರದ ಚೆಲ್ಲೊ,
ಆಟೋದವ ಇಬ್ಬರ ಬಾಡಿಗೆ ಕೇಳಿದನಂತೆ.

ಶ್ರುತಿ ಮಾಡಿದ್ದಕ್ಕೇ ಹಿಂದಿನ ಸಾಲು ಚಪ್ಪಾಳೆ ತಟ್ಟಿತು.

"ಧನೀ, ಇವರಲ್ಲಿ ಭಾಗವತರು ಯಾರು?"
ನನ್ನ ಕೆಲಸದ ಹುಡುಗ ಲೋಲಾಕ್ಷ.
ನೋಡಿದೆ. ಜಾಗಟೆ ಯಾರ ಕೈಯಲ್ಲೂ ಇಲ್ಲ.
ಮಚಾದೊ ಮೂಗಿನಲ್ಲಿ ಒಂದು ಉಸಿರು ಎಳೆದ,
ಬಾಗಿಲ ಹತ್ತಿರ ನಿಂತ ನನಗೂ ಕೇಳುವಷ್ಟು,
ನಾಲ್ಕು ಕಮಾನು ಒಟ್ಟಿಗೆ ಇಳಿದವು.

ಸಂಗೀತ ನನಗೆ ಗೊತ್ತಿಲ್ಲ.
ಶಾಮಿಯಾನ ಗೊತ್ತು.
ಗಾಳಿ ಹೊಕ್ಕ ಬಟ್ಟೆ ಹೊಟ್ಟೆ ಉಬ್ಬಿಸಿದಾಗ
ಮೂಡಣ ಮೂಲೆಯವನು ಹಗ್ಗ ಸಡಿಲ ಬಿಟ್ಟರೆ
ಪಡುವಣದವನು ಕೇಳದೆ ಜಗ್ಗುತ್ತಾನೆ.
ಯಾರೂ ಕೂಗಿ ಹೇಳುವುದಿಲ್ಲ,
ಅಂಗೈಗೆ ಬರುತ್ತದೆ ಸುದ್ದಿ.
ಹಾಗೆಯೇ ಇದು. ಆ ಮೂರನೆಯವನು,
ನಡುವಿನ ಪಿಟೀಲಿನ ದಪ್ಪ ಕನ್ನಡಕದ ಹುಡುಗ,
ಯಾರೂ ನೋಡದ ಗೂಟ;
ಅವನು ಕಿತ್ತುಬಂದರೆ ಎಲ್ಲ ಮಗುಚುವುದು.

ಜನ ನಲವತ್ತಮೂರು, ಎಣಿಸಿದ್ದೇನೆ.
ಉಳಿದವು ಎರಡೂ ಕೈ ಚಾಚಿ ಖಾಲಿ ಕೂತಿದ್ದವು.

ನಿಧಾನದ ಭಾಗ ಬಂತು.
ವಾಗ್ದೇವಿ ಉಡುಪರ ಎರಡನೇ ಪಿಟೀಲು
ನೂಲು ತೆಗೆದ ಹಾಗೆ ಸಣ್ಣಗಾಗುವಾಗ
ಟಕ್.
ಸ್ವಲ್ಪ ಹೊತ್ತಾಗಿ, ಮತ್ತೆ ಟಕ್.
ಲವೀನಾ ಕೂತದ್ದು ನನ್ನ ಕುರ್ಚಿಯಲ್ಲಿ.
ಹಿಂದಿನ ಎಡಗಾಲು ಗಿಡ್ಡ.
ಮನೆಯಲ್ಲಿ ನಾನು ಹಿಮ್ಮಡಿ ಒತ್ತಿ ಸುಮ್ಮನಾಗಿಸುತ್ತೇನೆ,
ಬೇರೆ ಯಾರಿಗೂ ಗೊತ್ತಿಲ್ಲದ ನನ್ನ ಕುಂಟು
ಇಲ್ಲಿ ಅಷ್ಟು ಜನರೆದುರು.

ಮುಂದಿನದು ಸುರುವಾಗುವ ಮೊದಲು ಓಡಿದೆ.
ಕಾರ್ಯಕ್ರಮದ ಕಾಗದ ಎಂಟು ಮಡಿಕೆ ಮಡಚಿ
ಅವಳ ಹಿಂದೆ ಮೊಣಕಾಲೂರಿ ಕಾಲಿನಡಿ ತುರುಕಿದೆ.
"ಈಗ ಅಲ್ಲಾಡಿ ನೋಡಿ ಬಾಯಿ."
ಅಲ್ಲಾಡಿದಳು. ಸದ್ದಿಲ್ಲ.
ನಲವತ್ತಮೂರು ಜನರೂ ಚಪ್ಪಾಳೆ ಹೊಡೆದರು, ನನಗೆ.
ಡಾಕ್ಟರು ಎದ್ದೇ ನಿಂತರು.

ಎಷ್ಟು ಹೊತ್ತಿಗೆ ಮುಗಿಯಿತೋ.
ಒಂಬತ್ತಕ್ಕೆ ಬರಬೇಕಿದ್ದ ಟೆಂಪೋ
ಹೊರಗೆ ಲೈಟು ಆರಿಸಿ ಕಾದಿತ್ತು.
ಡ್ರೈವರು ಕಿಟಕಿಯ ಹತ್ತಿರ ನಿಂತಿದ್ದ, ಹಾರನ್ನು ಹೊಡೆದಿರಲಿಲ್ಲ.

ಬಿಲ್ಲಿನಲ್ಲಿ ಎಪ್ಪತ್ತಾರೇ ಬರೆದೆ.
ಕುರ್ಚಿಗಳು ಮೇಜಿಗೆ ಮರಳಿವೆ.
ಕಾಲಿನಡಿಯ ಕಾಗದ ತೆಗೆಯಲಿಲ್ಲ;
ಉಣ್ಣುವಾಗ ಹಿಮ್ಮಡಿ ತಾನಾಗಿ ಒತ್ತುತ್ತದೆ,
ಒತ್ತಲು ಏನೂ ಇಲ್ಲ.

ಡಿಸೆಂಬರಿಗೆ ಐವರಂತೆ.
ಬೋಳಾರದ ಸೇಸಪ್ಪ ಆಚಾರಿಗೆ ಹೇಳಿಟ್ಟಿದ್ದೇನೆ,
ಹಲಸಿನದ್ದೇ ಇನ್ನೊಂದು.
"ಅಳತೆ?" ಅಂದ.
ಮನೆಗೆ ಬಂದು ನೋಡು ಅಂದೆ. ಕೈ ಮಾತ್ರ ಬೇಡ.